ಅಣ್ಣನ ಉಡದಾರ

ನಮ್ಮ ಓಣಿಯ ಗಂಡಸರೆಲ್ಲ ಸೊಂಟಕ್ಕೆ ಕರಿ ದಾರ ಕಟ್ಟಿಕೊಳ್ಳುತ್ತಿದ್ದರು. ಹರಿದರೆ ಸಂತೆಯಲ್ಲಿ ಇನ್ನೊಂದು ಕೊಳ್ಳುತ್ತಿದ್ದರು, ಅಷ್ಟೇ. ನಮ್ಮ ಮನೆಯಲ್ಲಿ ಮಾತ್ರ ಬೆಳ್ಳಿಯ ಉಡದಾರವಿತ್ತು. ಕೊಂಡಿಗೆ ಕೊಂಡಿ ಹೆಣೆದ ಸರಪಳಿ, ತುದಿಗೊಂದು ಕೊಕ್ಕೆ. ಅದರ ಕಟ್ಟಳೆಗಳನ್ನು ಅವ್ವ ನಮಗೆಲ್ಲ ಬಾಯಿಪಾಠ ಮಾಡಿಸಿದ್ದಳು. ಗಂಡಸು ಬದುಕಿರುವತನಕ ಸೊಂಟ ಬರಿದಾಗಬಾರದು. ಬೆಳ್ಳಿ ತೆಗೆಯಲೇಬೇಕಾದರೆ ಮೊದಲು ಕರಿ ದಾರ ಕಟ್ಟಿ ಆಮೇಲೆ ತೆಗೆಯಬೇಕು. ಕೊಂಡಿ ಕೂಡಿಸಬಹುದು, ಕಡಿಯಬಾರದು. ಉಡದಾರ ಕಡಿಯುವುದು ಸತ್ತವರಿಗೆ ಮಾತ್ರ, ಅದೂ ಮಣ್ಣಿಗೆ ಒಯ್ಯುವ ಮೊದಲು. ನಳದ ಕಟ್ಟೆಯ ಮೇಲೆ ಹೆಂಗಸರು ಜಗಳಕ್ಕೆ ಬಿದ್ದು ‘ನಿನ್ನ ಗಂಡನ ಉಡದಾರ ಕಡೀಲಿ’ ಎಂದು ಬೈದುಕೊಂಡರೆ ಆ ಎರಡು ಮನೆಗಳ ನಡುವೆ ಮುಂದೆ ಮಜ್ಜಿಗೆಯೂ ಓಡಾಡುತ್ತಿರಲಿಲ್ಲ.

ಆ ಉಡದಾರ ಮೊದಲು ಅಪ್ಪನದು. ಅಪ್ಪ ಒಣಕಲು ಆಳು. ಶಿರವಾಳದ ಈಚೆಗೆ ನಮ್ಮ ಹೊಲ, ಆಗ ಅದಕ್ಕೆ ಮಳೆ ಬಿಟ್ಟರೆ ಬೇರೆ ನೀರು ಗೊತ್ತಿರಲಿಲ್ಲ. ಜೋಳ, ತೊಗರಿ ಬಿತ್ತುವುದು, ದಿನವಿಡೀ ಎತ್ತಿನ ಹಿಂದೆ ನಡೆಯುವುದು, ರೊಟ್ಟಿ ಪುಂಡಿಪಲ್ಯ ತಿಂದು ಮಲಗುವುದು. ಬೆವರು ಕುಡಿದು ಕುಡಿದು ಉಡದಾರದ ಬೆಳ್ಳಿ ಕಪ್ಪಾಗಿಬಿಟ್ಟಿತ್ತು. ಒಂದು ತೊಗರಿ ಕೊಯ್ಲಿನಲ್ಲಿ ಅಪ್ಪನನ್ನು ಹಾವು ಕಚ್ಚಿತು. ದಿನಕರ್ಮ ಮುಗಿದ ಮೇಲೆ ಅವ್ವ ಕಡಿದ ಕೊಂಡಿಯನ್ನು ಬೆಸೆಸಿ, ಉಡದಾರವನ್ನು ಹುಣಸೆಹಣ್ಣಿನಿಂದ ತೊಳೆದು ಅಣ್ಣನ ಸೊಂಟಕ್ಕೆ ಹಾಕಿಸಿದಳು. ಎಷ್ಟು ತೊಳೆದರೂ ಅಪ್ಪನ ಬೆವರಿನ ಕಪ್ಪು ಮಾತ್ರ ಹೋಗಲಿಲ್ಲ. ಅಣ್ಣನೂ ಆಗ ಒಣಕಲೇ. ಹಾಕಿದ ಮೇಲೂ ಎರಡು ಬೆರಳು ತೂರುವಷ್ಟು ಸಡಿಲವಿತ್ತು.

ಆಮೇಲೆ ಕಾಲುವೆ ಬಂತು. ನೀರು ಬಂದ ದಿನ ಇಡೀ ಊರು ಏರಿಯ ಮೇಲೆ ನಿಂತಿತ್ತು. ಅಪ್ಪ ನೋಡಲಿಲ್ಲವಲ್ಲ ಎಂದು ಅವ್ವ ಅತ್ತದ್ದು ನೆನಪಿದೆ. ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಹಾಕಿಕೊಂಡವರು ಭತ್ತ ನೆಡುವುದನ್ನು ಕಲಿಸಿದರು. ಸ್ವಲ್ಪ ವರ್ಷ ಅಣ್ಣನೇ ಕೆಸರಿಗೆ ಇಳಿದ. ಆಮೇಲೆ ಹೊಲವನ್ನು ಕ್ಯಾಂಪಿನವರಿಗೇ ಲಾವಣಿಗೆ ಹಾಕಿದ. ವರ್ಷಕ್ಕೆ ಇಷ್ಟು ಎಂದು ಮಾತಾದರೆ ಅವರೇ ಉತ್ತು, ಬಿತ್ತಿ, ಮನೆಗೆ ಅಕ್ಕಿ ಮುಟ್ಟಿಸುತ್ತಿದ್ದರು. ಎತ್ತು ಮಾರಿ ಮೋಟರ್‌ಸೈಕಲ್ ತಂದ. ಹೊಲಕ್ಕೆ ಹೋಗುವುದಿದ್ದರೂ ಅದರ ಮೇಲೆಯೇ. ಇಳಿಯದೆ, ಏರಿಯ ಮೇಲಿಂದಲೇ ಪೈರು ನೋಡಿ, ಗಾಡಿ ತಿರುಗಿಸಿಕೊಂಡು ಶಹಾಪುರದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೆ. ಅಲ್ಲಿ ಬೆಳಿಗ್ಗೆ ಒಗ್ಗಣಿ, ಮಿರ್ಚಿ ಭಜಿ, ಮೇಲೆ ಸಕ್ಕರೆ ತೇಲುವ ಚಹಾ. ಮಧ್ಯಾಹ್ನ ಮನೆಯಲ್ಲಿ ಬಿಳಿ ಅನ್ನ. ಸಂಜೆ ಮತ್ತೆ ಅದೇ ಹೋಟೆಲು. ಹಬ್ಬಕ್ಕೆ ಮಾತ್ರ ಅನ್ನ ಕಂಡ ಮನೆ ನಮ್ಮದು. ಈಗ ರೊಟ್ಟಿ ಬಡಿಯುವ ಸಪ್ಪಳವೇ ನಿಂತುಹೋಯಿತು.

ಉಡದಾರ ಬಿಗಿಯಾಯಿತು. ಅವ್ವ ಅಣ್ಣನನ್ನು ಕರೆದುಕೊಂಡು ಶಹಾಪುರಕ್ಕೆ ಬಂದಳು. ಪತ್ತಾರ, ಅಂದರೆ ನಮ್ಮ ಬೆಳ್ಳಿ ಬಂಗಾರ ಮಾಡುವವನು, ಅಣ್ಣನಿಗೆ ಕರಿ ದಾರ ಕಟ್ಟಿಸಿ, ಬೆಳ್ಳಿ ಬಿಚ್ಚಿ, ಎರಡು ಹೊಸ ಕೊಂಡಿ ಕೂಡಿಸಿದ. ಕಪ್ಪು ಸರಪಳಿಯಲ್ಲಿ ಎರಡೇ ಎರಡು ಬಿಳಿ ಕೊಂಡಿ ಮಿಣಮಿಣ ಮಿಂಚುತ್ತಿದ್ದವು. ಅವ್ವ ಊರಿಗೆ ಹೋಗಿ ಮನೆಮನೆಗೆ ಸಕ್ಕರೆ ಹಂಚಿದಳು.

‘ಮೈ ಹಿಡದಾನ ನನ ಮಗ. ಅವರಪ್ಪ ಒಂದಿನ ಹೊಟ್ಟಿ ತುಂಬ ಉಣ್ಣಲಿಲ್ಲ. ಇವನರೆ ಉಣ್ಣಾಕತ್ತಾನ.’

ಈ ‘ಮೈ ಹಿಡದಾನ’ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಕಡೆ ಹೊಟ್ಟೆ ಬಂದವನಿಗೆ ಸಿಗುವ ಬಿರುದು ಅದು. ಬಿರುದು ಕೊಟ್ಟವರೇನೂ ಕೆಟ್ಟವರಲ್ಲ. ಹಸಿದು ಬೆಳೆದವರು. ಹೊಟ್ಟೆ ಎಂದರೆ ಅವರ ಕಣ್ಣಿಗೆ ಕಣಜವೇ. ಅಣ್ಣನ ಕೈಕಾಲು ಹಾಗೇ ಸಣ್ಣಗಿದ್ದವು, ಬೆಳೆದದ್ದು ಹೊಟ್ಟೆಯೊಂದೇ. ಅದನ್ನು ಯಾರೂ ಗಮನಿಸಲಿಲ್ಲ. ಮುಂದೆ ಒಂದೊಂದು ಸುಗ್ಗಿಗೂ ಒಂದು ಕೊಂಡಿ, ಎರಡು ಕೊಂಡಿ ಕೂಡುತ್ತಲೇ ಹೋಯಿತು. ಪತ್ತಾರ ಅಣ್ಣನನ್ನು ಕಂಡರೆ ದೂರದಿಂದಲೇ ‘ಬರ್ರಿ ಸಾವಕಾರ, ಈ ಸಲ ಎಷ್ಟು?’ ಎಂದು ನಗುತ್ತಿದ್ದ. ಅಣ್ಣನೂ ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದ. ಅವನ ನಗು ಬಲು ಚೆನ್ನ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅವನು ಬರೀ ತಿಂದು ಸತ್ತವನು ಎಂದಾಗಿಬಿಡುತ್ತದೆ.

ನಾನು ಮದುವೆಯಾಗಿ ಶಹಾಪುರದಲ್ಲಿ ನೆಲೆಸಿದ್ದೆ, ಅಲ್ಲಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ನಮ್ಮ ಬಾಡಿಗೆ ಮನೆ ಮಾಳಿಗೆಯ ಮೇಲೆ. ಅಣ್ಣ ಬಂದಾಗಲೆಲ್ಲ ಕೆಳಗಿನಿಂದ ‘ತಂಗೀ’ ಎಂದು ಕೂಗಿಕೊಂಡು ಮೆಟ್ಟಿಲು ಹತ್ತುವ ರೂಢಿ. ಒಂದು ದಿನ ಕೂಗು ಕೇಳಿಸಿತು, ಅಣ್ಣ ಬರಲಿಲ್ಲ. ಇಣುಕಿದರೆ ನಡುವಿನ ಮೆಟ್ಟಿಲ ಮೇಲೆ ಕುಳಿತಿದ್ದ. ಹಣೆಯ ಮೇಲೆ ಬೆವರು.

‘ಏನಿಲ್ಲವ್ವ, ಜರಾ ದಮ್ಮು ಬಂತು. ನೀ ಮನಿ ಇಷ್ಟು ಮ್ಯಾಲ ಯಾಕ ಹಿಡದಿ?’

ಮರುದಿನವೇ ರಜೆ ಹಾಕಿ ಅವನನ್ನು ಯಾದಗಿರಿಯ ದವಾಖಾನೆಗೆ ಎಳೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುನಿಸಿಕೊಂಡಿದ್ದ. ಡಾಕ್ಟರ್ ನಮ್ಮ ಕಡೆಯವರೇ. ರಕ್ತ ತೆಗೆಸಿದರು, ಬಿ.ಪಿ. ನೋಡಿದರು, ಆಮೇಲೆ ಡ್ರಾಯರಿನಿಂದ ಟೇಪು ತೆಗೆದು ಅಂಗಿ ಎತ್ತಲು ಹೇಳಿದರು.

‘ಅಂಗಿ ಹೊಲಿಸ್ಲಿಕ್ಕ ಬಂದಿಲ್ರೀ ಸಾಹೇಬ್ರ, ದಮ್ಮಿಗೆ ಗುಳಿಗಿ ಕೊಡ್ರಿ’ ಎಂದ ಅಣ್ಣ.

ಡಾಕ್ಟರ್ ನಗಲಿಲ್ಲ. ಉಡದಾರವನ್ನು ಸ್ವಲ್ಪ ಕೆಳಗೆ ಸರಿಸಿ, ಟೇಪು ಸುತ್ತಿ ಅಳತೆ ನೋಡಿದರು. ಆಮೇಲೆ ಆ ಉಡದಾರವನ್ನೇ ಬೆರಳಲ್ಲಿ ಹಿಡಿದು ನೋಡಿದರು. ಕಪ್ಪು ಎಲ್ಲಿ ಮುಗಿದಿದೆ, ಬಿಳುಪು ಎಲ್ಲಿ ಶುರುವಾಗಿದೆ ಎಂಬುದು ಯಾರ ಕಣ್ಣಿಗಾದರೂ ಕಾಣುವಂತಿತ್ತು.

‘ಈ ಬಿಳಿ ಕೊಂಡಿ ಎಲ್ಲಾ ನಿಮ್ಮವೇನ್ರಿ?’

‘ಹೌದ್ರಿ. ಕಪ್ಪನ್ನವು ನಮ್ಮಪ್ಪನವು.’

ರಕ್ತದ ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಸಮಾಧಾನದಿಂದ ಹೇಳಿದರು. ‘ನೋಡ್ರಿ, ಸಕ್ಕರಿ ಜರಾ ಹೆಚ್ಚದ. ಬಿ.ಪಿ. ಜರಾ ಹೆಚ್ಚದ. ರಕ್ತದಾಗ ಕೊಬ್ಬು ಹೆಚ್ಚದ, ಕಾಯೋ ಕೊಬ್ಬು ಅಂತ ಒಂದಿರ್ತದ, ಅದು ಕಮ್ಮಿ ಅದ. ಮ್ಯಾಲ ಈ ಹೊಟ್ಟಿ. ಒಂದೇ ಇದ್ದಿದ್ರ ನಾ ಇಷ್ಟು ಅಂಜತಿದ್ದಿಲ್ಲ. ಇವು ಗುಂಪು ಕಟ್ಟಿ ಬಂದಾವ. ಗುಂಪು ಕಟ್ಟಿ ಬಂದ್ರ ಹೋಗೂದು ಎದಿ ಕಡೀಗೇ.’

ಕೈಕಾಲಿನ ಕೊಬ್ಬು ಬೇರೆ, ಹೊಟ್ಟೆಯ ಒಳಗೆ ಕುಳಿತ ಕೊಬ್ಬು ಬೇರೆ ಎಂದರು. ಒಳಗಿನದು ಸುಮ್ಮನೆ ಕೂರುವುದಿಲ್ಲ, ಮೈಗೆ ಸಕ್ಕರೆ ಅರಗದ ಹಾಗೆ ಮಾಡುತ್ತದೆ, ರಕ್ತದ ಒತ್ತಡ ಏರಿಸುತ್ತದೆ, ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಗೆ ಕೊಬ್ಬು ಅಂಟಿಸುತ್ತಾ ಹೋಗುತ್ತದೆ. ಹೊಲಗಾಲುವೆಗೆ ಹೂಳು ತುಂಬುತ್ತದಲ್ಲ, ಹಾಗೆ. ಮೇಲೆ ನೀರು ಹರಿಯುತ್ತಲೇ ಇರುತ್ತದೆ, ಕಟ್ಟಿಕೊಳ್ಳುವ ದಿನದವರೆಗೆ ಗೊತ್ತಾಗುವುದಿಲ್ಲ.

‘ಕಾಲುವಿ ಹೂಳು ತಗ್ಯಾಕ ಇಲಾಖೆದವ್ರು ಬರ್ತಾರ್ರಿ, ನನ ಎದಿಗೆ ಯಾರು ಬರ್ತಾರ?’ ಎಂದು ಅಣ್ಣ ಕಣ್ಣು ಮಿಟುಕಿಸಿದ.

‘ನೀವೇ ಬರಬೇಕು. ಗುಳಿಗಿ ತಪ್ಪಿಸಬ್ಯಾಡ್ರಿ. ದಿನಾ ನಡೀರಿ. ಅನ್ನ ಕಡಿಮಿ ಮಾಡಿ ರೊಟ್ಟಿಗೆ ಬರ್ರಿ, ಅದೂ ಅಳತಿ ಮ್ಯಾಲ. ಇದರಾಗಿನ ಬಿಳಿ ಕೊಂಡಿ ಒಂದೊಂದೇ ತಗಸ್ಕೋತ ಬರ್ರಿ. ನನಗ ಟೇಪು ಬ್ಯಾಡ, ನಿಮ್ಮ ಉಡದಾರನೇ ಸಾಕು.’

ರೋಗಕ್ಕೆ ಹೆಸರೇನು ಎಂದು ನಾನು ಕೇಳಿದೆ. ಮೆಟಬಾಲಿಕ್ ಸಿಂಡ್ರೋಮ್ ಎಂದರು. ಊರಿಗೆ ಬಂದು ಅವ್ವನಿಗೆ ಹೇಳಿದರೆ ಅವಳು ಎರಡು ಸಲ ತಿರುಗಿ ಕೇಳಿ, ಬಾಯಿಗೆ ಬಾರದೆ, ಕೈ ಝಾಡಿಸಿಬಿಟ್ಟಳು. ಹೆಸರು ಹಿಡಿದು ಕರೆಯಲಾಗದ ಬೇನೆ ಅವಳ ಲೆಕ್ಕಕ್ಕೆ ಬೇನೆಯೇ ಅಲ್ಲ. ಅಣ್ಣನಿಗೆ ಲ್ಯಾಬಿನವನು ಹೇಳಿದ ಒಂದು ಮಾತು ಮಾತ್ರ ಬಲು ಹಿಡಿಸಿತ್ತು. ‘ಸಕ್ಕರಿ ಇನ್ನಾ ಬಾರ್ಡರ್‌ನ್ಯಾಗ ಅದ’ ಎಂದಿದ್ದನಂತೆ. ಹೋಟೆಲಿನಲ್ಲಿ ಕೇಳಿದವರಿಗೆಲ್ಲ ಅಣ್ಣ ಅದನ್ನೇ ಹೇಳಿದ, ‘ಏನೂ ಇಲ್ಲ, ಎಲ್ಲಾ ಬಾರ್ಡರ್‌ನ್ಯಾಗ ಅವ.’ ಗಡಿ ದಾಟಿಲ್ಲ, ಆದ್ದರಿಂದ ಯುದ್ಧವಿಲ್ಲ ಎಂದು ಅವನ ಅರ್ಥ. ಎಲ್ಲವೂ ಒಟ್ಟಿಗೆ ಗಡಿಗೆ ಬಂದು ನಿಂತಿರುವುದೇ ಯುದ್ಧ ಎಂದು ನಾನು ಕಿರುಚಿದೆ. ‘ಟೀಚರವ್ವ ಬಂದ್ಳು, ಕೈ ಕಟ್ಟಿ ಕುಂದರ್ರೆಪ್ಪಾ’ ಎಂದು ತನ್ನ ಮಕ್ಕಳನ್ನು ನಗಿಸಿದ.

ಆದರೂ ಅವನು ಪ್ರಯತ್ನ ಮಾಡಿದ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಅವನ ಹೆಣದ ಮುಂದೆ ಕುಳಿತು ‘ಬಾಯಿ ಕಟ್ಟಲಿಲ್ಲ’ ಎಂದವರು ಬಹಳ. ಹಿರಿಯ ಮಗಳ ಮದುವೆ ನೋಡಬೇಕು ಎಂಬ ಆಸೆ ಅವನಿಗಿತ್ತು. ಬೆಳಗಾಗೆದ್ದು ಕಾಲುವೆಯ ಏರಿಯ ಮೇಲೆ ನಡೆಯತೊಡಗಿದ. ಭಾನುವಾರ ನಾನೂ ಊರಿಗೆ ಹೋಗಿ ಅವನ ಜೊತೆ ಹೆಜ್ಜೆ ಹಾಕುತ್ತಿದ್ದೆ. ದೂರದಲ್ಲಿ ಶಹಾಪುರದ ಗುಡ್ಡ, ಬುದ್ಧ ಮಲಗಿದ ಹಾಗೆ ಕಾಣುವುದು.

‘ಅವನ ನೋಡು. ಎಷ್ಟು ಕಾಲದಿಂದ ಮಲಗ್ಯಾನ, ಯಾವ ಡಾಕ್ಟರೂ ನಡಿ ಅಂದಿಲ್ಲ’ ಎನ್ನುತ್ತಿದ್ದ. ಅನ್ನುತ್ತಲೇ ನಡೆಯುತ್ತಿದ್ದ. ವೈನಿ, ನನ್ನ ಅತ್ತಿಗೆ, ಮತ್ತೆ ಹಿಟ್ಟು ನಾದಿ ರೊಟ್ಟಿ ಬಡಿದಳು. ಹೋಟೆಲಿನ ಕಡೆ ಹೋಗುವುದು ನಿಂತಿತು. ಮಳೆಗಾಲ ಕಳೆಯುವಷ್ಟರಲ್ಲಿ ಮೆಟ್ಟಿಲು ಹತ್ತಿ ‘ತಂಗೀ, ದಮ್ಮು ಇಲ್ಲ ನೋಡು’ ಎಂದು ಬಾಗಿಲಲ್ಲಿ ನಿಂತ. ಅಂಗಿ ಎತ್ತಿ ತೋರಿಸಿದ. ಉಡದಾರ ಜಾರಿ ಟೊಂಕದ ಎಲುಬಿಗೆ ಬಂದು ನಿಂತಿತ್ತು. ಆ ದಿನದಷ್ಟು ಸಂತೋಷ ನನಗೆ ನನ್ನ ನೌಕರಿಯ ಆರ್ಡರ್ ಬಂದಾಗಲೂ ಆಗಿರಲಿಲ್ಲ.

ಇಬ್ಬರೂ ಪತ್ತಾರನ ಅಂಗಡಿಗೆ ಹೋದೆವು. ಕೊಂಡಿ ಬಿಚ್ಚಬೇಕು ಎಂದಾಗ ಅವನ ಕೈ ನಿಂತಿತು.

‘ಕೂಡಸ್ತೀನ್ರಿ. ಬಿಚ್ಚೂದು ನನ್ನಿಂದ ಆಗಂಗಿಲ್ಲ. ಜೀವಂತ ಮನಷ್ಯಾಂದು ಹ್ಯಾಂಗ ಬಿಚ್ಚಲಿ? ನಿಮ್ಮವ್ವನ ಕೇಳಿ ಬರ್ರಿ ಮೊದಲ.’

ಅವ್ವನನ್ನು ಕೇಳಿದೆವು. ಅವಳು ಕೂಗಾಡಲಿಲ್ಲ, ಅತ್ತುಬಿಟ್ಟಳು. ‘ನಾ ಇನ್ನಾ ಇರೂತನಕ ಮಗನ ಉಡದಾರ ಕಡಸ್ಲೇನು? ಒಂದ್ಸಲ ಕಡಿಸಿ ನೋಡೀನಿ, ಸಾಕಾಗ್ಯಾದ.’ ಅಪ್ಪನದನ್ನು ಕಡಿದ ದಿನ ಅವಳ ಕಣ್ಣಿಗೆ ಬಂದಿತ್ತು. ಅದರ ಮುಂದೆ ನನ್ನ ಡಾಕ್ಟರ ಮಾತು ನಿಲ್ಲಲಿಲ್ಲ. ಅಣ್ಣ ನನ್ನ ಮುಖ ನೋಡಿ, ‘ಇರ್ಲಿ ಬಿಡು, ಜೋತಾಡ್ಲಿ’ ಎಂದ.

ಜೋತಾಡುವ ಉಡದಾರ ಎಲ್ಲರ ಕಣ್ಣಿಗೂ ಬಿತ್ತು. ಕಾಲುವೆಯಲ್ಲಿ ಮೈ ತೊಳೆಯುವಾಗ ನೋಡಿದವರು ಮನೆಗೆ ಬಂದು ವೈನಿಯನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದರು: ‘ಏನರೆ ದೊಡ್ಡ ಬ್ಯಾನಿ ಹತ್ತೇದೇನು? ಪೂರಾ ಸೊರಗ್ಯಾನಲ್ಲ?’ ಹೊಟ್ಟೆ ಬಂದಾಗ ಒಬ್ಬರೂ ಕೇಳದವರು, ಇಳಿದಾಗ ಸಾಲುಗಟ್ಟಿ ನಿಂತರು. ಅಷ್ಟರಲ್ಲಿ ಮಗಳಿಗೆ ಸುರಪುರದಿಂದ ಸಂಬಂಧ ಕೂಡಿಬಂತು. ಹುಡುಗನ ಕಡೆಯ ಹಿರಿಯರೊಬ್ಬರು ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, ‘ತಬಿಯತ್ ಬರೋಬ್ಬರಿ ಅದ ಅಲ್ಲರೀ ಬೀಗರ?’ ಎಂದರು. ಕೇಳಿದ್ದು ಸಹಜವಾಗಿಯೇ. ಆದರೆ ಆ ರಾತ್ರಿಯ ಊಟದಿಂದಲೇ ನಮ್ಮ ಮನೆ ಬದಲಾಯಿತು. ತಂದೆಗೆ ರೋಗವಿದೆ ಎಂದರೆ ಮಗಳಿಗೂ ರೋಗವಿದೆ ಎನ್ನುತ್ತಾರೆ, ಸಂಬಂಧ ತಪ್ಪುತ್ತದೆ. ಅವ್ವ ತಾನೇ ಬಡಿಸಲು ನಿಂತಳು. ಅನ್ನದ ಮೇಲೆ ತುಪ್ಪ, ಹೋಳಿಗೆಯ ಮೇಲೆ ತುಪ್ಪ, ಹಾಲಿಗೆ ಬೆಲ್ಲ. ಗುಳಿಗೆಯ ಡಬ್ಬಿ ಬೀಗರ ಕಣ್ಣಿಗೆ ಬೀಳಬಾರದೆಂದು ಅಟ್ಟ ಸೇರಿತು. ಅಟ್ಟದ ಮೇಲಿನ ಗುಳಿಗೆಯನ್ನು ದಿನವೂ ಏಣಿ ಹಾಕಿ ಯಾರು ತೆಗೆಯುತ್ತಾರೆ?

‘ಮದವಿ ಮುಗೀಲಿ ತಂಗಿ, ಮತ್ತ ಶುರು ಮಾಡ್ತೀನಿ. ಎಲ್ಲಾ ಬಾರ್ಡರ್‌ನ್ಯಾಗೇ ಅವ ಅಲ್ಲ?’

ಮದುವೆಯ ದಿನ ಅವನು ಮತ್ತೆ ಮೈ ಹಿಡಿದಿದ್ದ. ಉಡದಾರ ಹೊಟ್ಟೆಗೆ ಸರಿಯಾಗಿ ಕೂತಿತ್ತು. ಎಲ್ಲರೂ ಮೆಚ್ಚಿದರು. ಅವ್ವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡಿತು. ಮದುವೆ ಮುಗಿದ ಮೇಲೂ ಅಣ್ಣ ಏರಿಯ ಕಡೆ ಹೋಗಲಿಲ್ಲ. ಒಮ್ಮೆ ಬಿಟ್ಟ ನಡಿಗೆಗೆ ಮತ್ತೆ ಕಾಲು ಏಳಲಿಲ್ಲ, ಹೋಟೆಲಿಗೆ ಮಾತ್ರ ಎದ್ದಿತು.

ಭತ್ತದ ರಾಶಿಯ ಕಾಲ. ಒಂದು ಬೆಳಿಗ್ಗೆ ಒಗ್ಗಣಿ ತಿಂದು ಮನೆಗೆ ಬಂದವನಿಗೆ ಎದೆ ಹಿಡಿದಂತಾಯಿತು. ಎಡಗೈ ಜೋಮು, ಬೆವರು. ‘ಗ್ಯಾಸ್ ಆಗ್ಯಾದ’ ಎಂದ. ಮನೆಯವರೂ ಗ್ಯಾಸ್ ಎಂದರು. ನಮ್ಮ ಕಡೆ ಎದೆನೋವಿಗೆ ಇರುವ ಹೆಸರು ಅದೊಂದೇ. ಓಂಕಾಳು ಅಗಿಸಿದರು, ಸೋಡಾ ಕುಡಿಸಿದರು, ಬೆನ್ನು ತಿಕ್ಕಿದರು. ತೇಗು ಬಂದಾಗ ಎಲ್ಲರಿಗೂ ಸಮಾಧಾನ. ಹೊತ್ತು ನೆತ್ತಿಗೆ ಬಂದ ಮೇಲೆ ಜೀಪಿಗೆ ಹಾಕಿಕೊಂಡು ಶಹಾಪುರಕ್ಕೆ ತಂದರು. ನಾನು ಶಾಲೆಯಿಂದ ಓಡಿದೆ. ಅಲ್ಲಿಯ ಡಾಕ್ಟರ್ ಇ.ಸಿ.ಜಿ. ನೋಡಿದವರೇ ಗುಳಿಗೆ ಅಗಿಸಿ, ಇದು ಹೃದಯಾಘಾತ, ತಡಮಾಡದೆ ಯಾದಗಿರಿಗೆ ಒಯ್ಯಿರಿ ಎಂದರು. ಬಹಳ ತಡವಾಗಿ ಬಂದಿರಿ ಎಂದೂ ಅಂದರು.

ಜೀಪಿನಲ್ಲಿ ಅಣ್ಣನ ತಲೆ ನನ್ನ ತೊಡೆಯ ಮೇಲೆ, ಕಾಲು ವೈನಿಯ ತೊಡೆಯ ಮೇಲೆ. ಅಲ್ಲಿ ಇಲ್ಲಿ ನೋಡುತ್ತಿದ್ದ, ಹೆದರಿದ್ದ. ಅಣ್ಣ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಉಡದಾರ ಬಿಗಿ ಆಗ್ಯಾದ. ಸಡ್ಲ ಮಾಡ್ರಿ. ಉಸಿರಾಡಾಕ ಬರವಲ್ದು.’

ವೈನಿ ಉಡದಾರದ ಒಳಗೆ ಬೆರಳು ತೂರಿಸಿ ನೋಡಿದಳು. ‘ಸಡ್ಲೇ ಅದರಿ’ ಎಂದು ಅಳತೊಡಗಿದಳು. ಅವನು ಮತ್ತೆ ಮತ್ತೆ ಅದನ್ನೇ ಹೇಳಿದ. ಭೀಮೆಯ ಸೇತುವೆ ಕಾಣುವ ಹೊತ್ತಿಗೆ ಹೇಳುವುದು ನಿಂತಿತು. ಡ್ರೈವರ್ ಗಾಡಿ ನಿಲ್ಲಿಸಲಿಲ್ಲ, ನಾವೂ ನಿಲ್ಲಿಸು ಎನ್ನಲಿಲ್ಲ. ಯಾದಗಿರಿಯ ದವಾಖಾನೆಯಲ್ಲಿ, ನಮಗೆ ಸೇತುವೆಯ ಮೇಲೆಯೇ ಗೊತ್ತಾಗಿದ್ದನ್ನು ಹೇಳಿದರು.

ಮಣ್ಣಿಗೆ ಒಯ್ಯುವ ಮೊದಲು ಕೊಕ್ಕೆ ಬಿಚ್ಚಲು ಹೋದರೆ ಬಿಚ್ಚಲಿಲ್ಲ. ಮೈ ಉಬ್ಬಿತ್ತು. ಓಣಿಯ ಹಿರಿಯರೊಬ್ಬರು ಇಕ್ಕಳ ತರಿಸಿ ಬಿಳಿ ಕೊಂಡಿಯೊಂದನ್ನು ಕಡಿದರು. ಆ ಸಪ್ಪಳಕ್ಕೆ ಅವ್ವ ಗೋಡೆಗೆ ತಲೆ ಚಚ್ಚಿಕೊಂಡಳು.

ದಿನಕರ್ಮ ಮುಗಿದ ಮೇಲೆ, ಅಪ್ಪ ಹೋದಾಗ ಮಾಡಿದ ಹಾಗೆಯೇ, ಕಡಿದ ಕೊಂಡಿಯನ್ನು ಬೆಸೆಸಿ, ಹುಣಸೆಹಣ್ಣಿನಿಂದ ತೊಳೆದು, ಅಣ್ಣನ ಮಗನನ್ನು ಕೂರಿಸಿದರು. ಓದು ಮುಗಿಸಿ ಅಕ್ಕಿ ಗಿರಣಿಯಲ್ಲಿ ಕುರ್ಚಿಯ ಮೇಲಿನ ಕೆಲಸಕ್ಕೆ ಸೇರಿದ್ದ, ಇನ್ನೂ ಮದುವೆಯಾಗಿರಲಿಲ್ಲ. ಹಿರಿಯರು ಉಡದಾರ ಸುತ್ತಿ ಕೊಕ್ಕೆ ಹಾಕಿದರು. ಟಕ್ ಎಂದು ಕೂತಿತು. ಬೆರಳು ತೂರಿಸಲೂ ಜಾಗವಿಲ್ಲ, ಒಂದು ಕೊಂಡಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

‘ಬರೋಬ್ಬರಿ ಆತು ನೋಡ್ರಿ! ಅಪ್ಪನ ಮೈನೇ! ಈ ವಯಸ್ಸಿಗೇ ಮೈ ಹಿಡದಾನ!’ ಎಂದರು ಯಾರೋ. ನೆರೆದವರು ಅಷ್ಟು ದಿನಗಳ ಮೇಲೆ ಸ್ವಲ್ಪ ನಕ್ಕರು.

ಅವ್ವ ನಗಲಿಲ್ಲ. ಎದ್ದು ಬಂದು ಮೊಮ್ಮಗನ ಹೊಟ್ಟೆಯನ್ನು ನೋಡುತ್ತ ನಿಂತಳು. ಆಮೇಲೆ ತನ್ನ ಕೈಯಾರೆ ಅವನಿಗೆ ಒಂದು ಕರಿ ದಾರ ಕಟ್ಟಿ, ಕೊಕ್ಕೆ ಬಿಚ್ಚಿ ಬೆಳ್ಳಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮರುದಿನದ ಮೊದಲ ಬಸ್ಸಿಗೆ ಶಹಾಪುರಕ್ಕೆ ಬಂದು ನನ್ನನ್ನು ಕರೆದುಕೊಂಡು ಪತ್ತಾರನ ಅಂಗಡಿಗೆ ನಡೆದಳು.

‘ಕೊಂಡಿ ತಗಿ’ ಎಂದಳು.

ಪತ್ತಾರ ಎದ್ದು ನಿಂತ. ‘ಎಷ್ಟು ತಗೀಲಿ ಅವ್ವಾ?’

‘ಕಪ್ಪನ್ನವು ಬಿಡು. ಬೆಳ್ಳಗಿದ್ದವು ಒಂದೂ ಬಿಡಬ್ಯಾಡ.’

‘ಹಂಗಾದ್ರ ನಿಮ್ಮ ಮೊಮ್ಮಗಗ ಆಗಂಗಿಲ್ಲವ್ವಾ. ಅವರ ಅಜ್ಜಂದಷ್ಟೇ ಉಳೀತದ.’

‘ಆಗೂತನಕ ನಡೀಲಿ’ ಎಂದಳು ಅವ್ವ. ‘ಆವತ್ತು ನನ ಮಗ ಒಂದು ತಗಸಾಕ ಬಂದಿದ್ದ. ನಾ ಒಂದು ಉಳಿಸಿ ಪೂರಾ ಕಳಕೊಂಡೆ.’

ಪತ್ತಾರ ಒಂದೊಂದೇ ಬಿಳಿ ಕೊಂಡಿ ಬಿಚ್ಚಿ ತಟ್ಟೆಗೆ ಹಾಕಿದ. ಅವು ಬೀಳುವಾಗ ಅವ್ವ ಕಣ್ಣು ಮುಚ್ಚಲಿಲ್ಲ, ಕೊನೆಯದರವರೆಗೂ ನೋಡಿದಳು. ಉಳಿದ ಕಪ್ಪು ಉಡದಾರ ಈಗ ಊರಿನ ಮನೆಯ ಪಡಸಾಲೆಯಲ್ಲಿ, ಅಣ್ಣನ ಫೋಟೋ ಕೆಳಗಿನ ಮೊಳೆಗೆ ನೇತಾಡುತ್ತಿದೆ. ಬೆಳಗಾದರೆ ಅವ್ವ ಕೋಲು ಹಿಡಿದು ಬಾಗಿಲಲ್ಲಿ ಕೂತು ಮೊಮ್ಮಗನನ್ನು ಏರಿಗೆ ಅಟ್ಟುತ್ತಾಳೆ. ಅವನು ಬಂದ ಮೇಲೆ ಉಡದಾರ ತೆಗೆದು ಅವನ ಸೊಂಟಕ್ಕೆ ಹಿಡಿದು ನೋಡುತ್ತಾಳೆ. ಕೊಕ್ಕೆ ಇನ್ನೂ ಕೂಡಿಲ್ಲ.